ದೊಡ್ಡವರು, ಹುಡುಗ ಮತ್ತು ಟೋಪಿಯವನು

ನಮ್ಮ ಮನೆಯ ದಸರಾ ಗೊಂಬೆಗಳಲ್ಲಿ ಇಬ್ಬರು ಗಾಲ್ಫ್ ಆಟಗಾರರಿದ್ದಾರೆ. ಇದನ್ನು ಊರಿನ ಕಡೆಯವರಿಗೆ ಹೇಳಿದರೆ ಮೊದಲು ನಗುತ್ತಾರೆ, ಆಮೇಲೆ ನನ್ನ ಮುಖ ನೋಡಿ ಸುಮ್ಮನಾಗುತ್ತಾರೆ. ದೆಹಲಿ ಸೇರಿದ ಮೇಲೆ ಇವಳ ಆಚಾರವೆಲ್ಲ ಹೀಗಾಯಿತು ಎಂದು ಒಳಗೊಳಗೇ ಅಂದುಕೊಳ್ಳುತ್ತಾರೋ ಏನೋ. ಅಂದುಕೊಳ್ಳಲಿ. ಪಟ್ಟದ ಗೊಂಬೆಗಳು ಮೇಲಿನ ಮೆಟ್ಟಿಲಲ್ಲೇ ಇವೆ, ಕಳಶ ಕಳಶದ ಜಾಗದಲ್ಲೇ ಇದೆ, ಸಂಜೆಯ ಆರತಿ ಒಂದು ದಿನವೂ ತಪ್ಪಿಲ್ಲ. ಕೆಳಗೆ ನೆಲದ ಮೇಲೆ, ಎಲ್ಲರೂ ರಾಗಿ ಮೊಳಕೆ ಬರಿಸಿ ಪಾರ್ಕು ಮಾಡುವ ಜಾಗದಲ್ಲಿ, ನಮ್ಮಲ್ಲಿ ಒಂದು ಗಾಲ್ಫ್ ಮೈದಾನವಿದೆ. ಅಷ್ಟೇ ವ್ಯತ್ಯಾಸ.

ಆ ಇಬ್ಬರಲ್ಲಿ ಒಬ್ಬರು ಮಣ್ಣಿನವರು, ಇನ್ನೊಬ್ಬ ಬಂಗಾರದ ಬಣ್ಣದ ಪ್ಲಾಸ್ಟಿಕ್ಕಿನವನು. ಮಣ್ಣಿನವರು ಹುಟ್ಟಾ ಗಾಲ್ಫ್ ಆಟಗಾರರಲ್ಲ. ನನ್ನ ತವರು ನಂಜನಗೂಡಿನಿಂದ ಬಂದ ಕೃಷ್ಣನ ಸೆಟ್ಟಿನಲ್ಲಿ ದನ ಕಾಯುವ ಗೊಲ್ಲರಾಗಿದ್ದರು. ರೈಲಿನಲ್ಲಿ ಬರುವಾಗ ಕೈಯ ಕೋಲಿನ ತುದಿ ಮುರಿಯಿತು, ಅಲ್ಲಿಗೆ ಬೆಂಕಿಕಡ್ಡಿಯ ತುಂಡೊಂದನ್ನು ಅಡ್ಡಲಾಗಿ ಅಂಟಿಸಿದ್ದೇ ತಡ, ದನಗಳನ್ನು ಬಿಟ್ಟು ಗಾಲ್ಫ್ ಆಡತೊಡಗಿದರು. ಪ್ಲಾಸ್ಟಿಕ್ಕಿನವನು ಯಾವುದೋ ಪಂದ್ಯದ ಬಹುಮಾನದ ಕಪ್ಪಿನ ನೆತ್ತಿಯ ಮೇಲೆ ನಿಂತಿದ್ದವನು. ಕಪ್ಪು ಒಡೆದ ಮೇಲೆ ನಮ್ಮಲ್ಲಿಗೆ ಬಂದ. ಒಬ್ಬರು ಹಿಂದಿನ ಕಾಲದ ಮಹಾ ಆಟಗಾರ, ಇನ್ನೊಬ್ಬ ಈ ಕಾಲದವನು ಎಂದು ನಮ್ಮ ಮನೆಯಲ್ಲಿ ಒಪ್ಪಿಕೊಂಡಾಗಿದೆ. ನಿಜವಾದ ಹೆಸರು ಹಿಡಿದು ಅವರನ್ನು ನಮ್ಮಲ್ಲಿ ಯಾರೂ ಕರೆಯುವುದಿಲ್ಲ. ಮಣ್ಣಿನವರು ‘ದೊಡ್ಡವರು’, ಬಂಗಾರದವನು ‘ಹುಡುಗ’. ಆ ಹುಡುಗನಿಗೂ ಈಗ ಕಿವಿಯ ಪಕ್ಕ ನರೆ ಬಂದಿದೆಯಂತೆ. ಬಂದರೂ ಹುಡುಗನೇ.

ಇವರಿಬ್ಬರಲ್ಲಿ ಯಾರು ಹೆಚ್ಚು ಎಂಬ ಒಂದು ಪ್ರಶ್ನೆಯಿಂದ ಈ ವರ್ಷ ನಮ್ಮ ಮನೆಯ ಊಟದ ಮೇಜಿನಲ್ಲಿ ಒಂದು ಕುರ್ಚಿ ಖಾಲಿಯಾಯಿತು. ಅದು ಭಾಟಿಯಾ ಅವರ ಕುರ್ಚಿ. ಆ ಕುರ್ಚಿ ಮತ್ತೆ ತುಂಬುತ್ತದೆಯೋ ಇಲ್ಲವೋ ಎಂಬ ಚಿಂತೆಯಲ್ಲೇ ನನ್ನ ಈ ಸಲದ ಮಳೆಗಾಲವೆಲ್ಲ ಕಳೆಯಿತು.

ಭಾಟಿಯಾ ಅವರು ನಮಗೆ ಲೋಧಿ ಕಾಲೋನಿಯಿಂದಲೂ ಗೊತ್ತು. ಸರ್ಕಾರಿ ಕ್ವಾರ್ಟರ್ಸಿನಲ್ಲಿ ಕೆಳಗೆ ನಾವು, ಮೇಲೆ ಅವರು. ನಮ್ಮ ಯಜಮಾನರೂ ಅವರೂ ಒಂದೇ ಇಲಾಖೆ. ಅವರ ಹೆಂಡತಿ ಸುಮನ್ ಭಾಭಿ ನನಗೆ ಹಿಂದಿ ಕಲಿಸಿದವರು, ತರಕಾರಿಯ ಭಯ್ಯಾನ ಜೊತೆ ಚೌಕಾಸಿ ಮಾಡುವುದನ್ನು ಕಲಿಸಿದವರು, ಚಳಿಗಾಲದಲ್ಲಿ ರಜಾಯಿಗೆ ಬಿಸಿಲು ತೋರಿಸಬೇಕೆಂದು ಹೇಳಿಕೊಟ್ಟವರು. ನಾನು ಅವರಿಗೆ ಕಲಿಸಿದ್ದು ಹುಳಿಗೆ ಒಗ್ಗರಣೆ ಹಾಕುವುದನ್ನು ಮಾತ್ರ. ಲೆಕ್ಕದಲ್ಲಿ ಈಗಲೂ ನಾನೇ ಹಿಂದೆ.

ಗಾಲ್ಫ್ ನಮ್ಮ ಮನೆಗೆ ಬಂದದ್ದು ಆಸೆಯಿಂದಲ್ಲ, ಭಯದಿಂದ. ಇಲಾಖೆಯ ದೊಡ್ಡ ಸಾಹೇಬರೊಬ್ಬರಿಗೆ ಆ ಆಟದ ಹುಚ್ಚಿತ್ತು. ವರ್ಷಕ್ಕೊಮ್ಮೆ ಆಫೀಸಿನವರನ್ನೆಲ್ಲ ಮೈದಾನಕ್ಕೆ ಎಳೆದುಕೊಂಡು ಹೋಗುತ್ತಿದ್ದರು. ಬರುವುದಿಲ್ಲ ಎನ್ನಲು ಧೈರ್ಯವಿಲ್ಲದೆ ನಮ್ಮವರೂ ಭಾಟಿಯಾ ಅವರೂ ಸಂಜೆ ಹೊತ್ತು ಹಿಂದಿನ ಗಲ್ಲಿಯ ಬೇವಿನ ಮರದ ಕೆಳಗೆ ಛತ್ರಿ ತಿರುಗಿಸಿ ಹಿಡಿದು ಅಭ್ಯಾಸ ಮಾಡತೊಡಗಿದರು. ನಮ್ಮವರು ಹೊಡೆದರೆ ಛತ್ರಿಯ ಹಿಡಿ ಹೋಗುತ್ತಿತ್ತು, ಭಾಟಿಯಾ ಅವರು ಹೊಡೆದರೆ ಚೆಂಡು ಹೋಗುತ್ತಿತ್ತು. ಸಾಹೇಬರಿಗೆ ವರ್ಗವಾಯಿತು, ಭಯ ಹೋಯಿತು, ಆಟ ಮಾತ್ರ ಉಳಿದುಕೊಂಡಿತು. ನನಗೆ ಗೊತ್ತಿರುವ ಎಷ್ಟೋ ಭಕ್ತಿಯೂ ಹೀಗೆಯೇ ಶುರುವಾದದ್ದು. ಪರೀಕ್ಷೆಯ ಹೆದರಿಕೆಗೆ ನಂಜುಂಡೇಶ್ವರನಿಗೆ ಕೈ ಮುಗಿಯಲು ಆರಂಭಿಸಿದವಳು ನಾನು. ಪರೀಕ್ಷೆಗಳೆಲ್ಲ ಮುಗಿದು ಎಷ್ಟೋ ಕಾಲವಾಯಿತು.

ಆ ದಿನಗಳಲ್ಲಿ ಭಾಟಿಯಾ ಅವರ ತಮ್ಮ ವಿದೇಶದಿಂದ ಒಂದು ವಿಡಿಯೋ ಕ್ಯಾಸೆಟ್ ತಂದುಕೊಟ್ಟ. ಅದರಲ್ಲಿ ದೊಡ್ಡವರು ಗೆದ್ದ ಒಂದು ಪಂದ್ಯವಿತ್ತು. ಗಾಲ್ಫ್ ನೋಡಬೇಕೆಂದರೆ ನಮಗಿದ್ದದ್ದು ಅದೊಂದೇ. ಭಾನುವಾರ ಬಂತೆಂದರೆ ಭಾಟಿಯಾ ಅವರ ಮನೆಯಲ್ಲಿ ಅದೇ ಪಂದ್ಯ, ಅದೇ ದೊಡ್ಡವರು, ಅದೇ ಗೆಲುವು. ಹಾಕಿ ಹಾಕಿ ಟೇಪು ಸವೆದು, ಆ ಬಿಸಿಲಿನ ದೇಶದ ಮೈದಾನದ ಮೇಲೆ ಶಿಮ್ಲಾದ ಹಾಗೆ ಹಿಮ ಬೀಳತೊಡಗಿತು. ಗಂಡಸರು ಸೋಫಾದ ಮೇಲೆ ಕುಳಿತು, ಮುಂದೇನಾಗುತ್ತದೆಂದು ಗೊತ್ತೇ ಇಲ್ಲದವರ ಹಾಗೆ ಉಸಿರು ಬಿಗಿ ಹಿಡಿಯುತ್ತಿದ್ದರು.

ನಾವಿಬ್ಬರು ಅಡುಗೆಮನೆಯ ಬಾಗಿಲಿನಿಂದ ನೋಡುತ್ತಿದ್ದೆವು. ನನ್ನ ಮನಸ್ಸು ಹೋದದ್ದು ದೊಡ್ಡವರ ಮೇಲಲ್ಲ. ಅವರಿಗೇನು, ಗೆದ್ದೇ ಗೆಲ್ಲುತ್ತಿದ್ದರು. ನನ್ನ ಮನಸ್ಸು ಹೋದದ್ದು ಎರಡನೆಯವನಾಗಿ ಬಂದವನ ಮೇಲೆ. ಬಿಳಿ ಟೋಪಿಯ, ಸಣ್ಣ ಮೈಕಟ್ಟಿನ ಮನುಷ್ಯ. ಕೊನೆಯಲ್ಲಿ ಅವನು ಒಂದು ಚೆಂಡನ್ನು ಮೆಲ್ಲಗೆ ತಳ್ಳಬೇಕು, ಅದು ಕುಳಿಗೆ ಬಿದ್ದರೆ ಪಂದ್ಯ ಸಮಸಮ. ಚೆಂಡು ಹೋಗುತ್ತಿತ್ತು, ಹೋಗುತ್ತಿತ್ತು, ಕುಳಿಯ ಬಾಯಿಯಲ್ಲಿ ಒಂದು ಸುತ್ತು ಹಾಕಿ, ಒಳಗೆ ಇಣುಕಿ ನೋಡಿ, ಯಾಕೋ ಬೇಡವೆಂದುಕೊಂಡು ಅಂಚಿನಲ್ಲೇ ಕುಳಿತುಬಿಡುತ್ತಿತ್ತು. ಅವನು ಬೈಯುತ್ತಿರಲಿಲ್ಲ, ಕೋಲನ್ನು ಎಸೆಯುತ್ತಿರಲಿಲ್ಲ. ಟೋಪಿ ತೆಗೆದು ದೊಡ್ಡವರ ಹತ್ತಿರ ಹೋಗಿ ನಗುತ್ತಾ ಅವರ ಭುಜ ತಟ್ಟುತ್ತಿದ್ದ. ಆ ಜಾಗ ಬಂತೆಂದರೆ ಸುಮನ್ ಭಾಭಿ ರೊಟ್ಟಿ ಒತ್ತುವುದನ್ನು ನಿಲ್ಲಿಸಿ ಬೇಲನ್ ಎನ್ನುವ ತಮ್ಮ ಲಟ್ಟಣಿಗೆಯನ್ನು ಎತ್ತಿ ಹಿಡಿದು, “ಇಸ್ ಬಾರ್ ಜಾಯೇಗಾ, ದೇಖ್ನಾ!” ಎನ್ನುತ್ತಿದ್ದರು. ಈ ಸಲ ಬೀಳುತ್ತದೆ, ನೋಡುತ್ತಿರು! ನಾನು ಮನಸ್ಸಿನಲ್ಲೇ ನಂಜುಂಡನನ್ನು ನೆನೆಯುತ್ತಿದ್ದೆ. ಎಂದೋ ಆಡಿ ಮುಗಿಸಿದ ಪಂದ್ಯಕ್ಕೆ ಪ್ರಾರ್ಥನೆ ಮಾಡುವ ನಮ್ಮಿಬ್ಬರನ್ನು ನೋಡಿ ದೇವರು ಎಷ್ಟು ನಕ್ಕಿರಬೇಕು!

ಭಾಭಿಯ ಇನ್ನೊಂದು ಕಥೆ ಹೇಳದಿದ್ದರೆ ಮುಂದಿನದು ತಿಳಿಯುವುದಿಲ್ಲ. ನಾನು ದೆಹಲಿಗೆ ಬಂದ ಮೊದಲ ದಸರಾದಲ್ಲಿ, ತವರಿನ ಪದ್ಧತಿಯಂತೆ ತಟ್ಟೆಯಲ್ಲಿ ಮಣ್ಣು ಹರಡಿ ರಾಗಿ ಚೆಲ್ಲಿ ಪಾರ್ಕು ಬೆಳೆಸಿದ್ದೆ. ಅದರೊಳಗೆ ಪ್ಲಾಸ್ಟಿಕ್ ಜಿಂಕೆ, ಒಂದು ಆಟದ ಬಸ್ಸು. ಗೊಂಬೆ ನೋಡಲು ಬಂದ ಭಾಭಿ ಮೇಲಿನ ಮೆಟ್ಟಿಲುಗಳ ಕಡೆ ಕಣ್ಣೇ ಹಾಯಿಸದೆ, ದುಪಟ್ಟಾವನ್ನು ತಲೆಯ ಮೇಲೆ ಎಳೆದುಕೊಂಡು, ನೇರವಾಗಿ ಆ ತಟ್ಟೆಯ ಮುಂದೆ ಮಂಡಿಯೂರಿ ಹಣೆ ಹಚ್ಚಿ ನಮಸ್ಕಾರ ಮಾಡಿದರು. ಹೂವನ್ನೂ ಇಟ್ಟರು, ಬಸ್ಸಿನ ಪಕ್ಕದಲ್ಲಿ. ನನಗೆ ದಿಕ್ಕೇ ತೋಚಲಿಲ್ಲ. ಆಮೇಲೆ ತಿಳಿಯಿತು, ಪಂಜಾಬಿಗಳ ಮನೆಗಳಲ್ಲಿ ನವರಾತ್ರಿಯ ಮೊದಲ ದಿನ ಮಣ್ಣಿನ ಪಾತ್ರೆಯಲ್ಲಿ ಜವೆಗೋಧಿ ಬಿತ್ತುತ್ತಾರೆ. ಅದಕ್ಕೆ ಖೇತ್ರಿ ಎನ್ನುತ್ತಾರೆ. ಆ ಪೈರೇ ಅವರಿಗೆ ದೇವಿ. ನನ್ನ ಪಾರ್ಕನ್ನು ಭಾಭಿ ಖೇತ್ರಿ ಎಂದುಕೊಂಡಿದ್ದರು. ಅದು ಬರೀ ಪಾರ್ಕು, ಜಿಂಕೆ ಮೇಯುವುದಕ್ಕೆ ಎಂದು ನಾನು ಅಳುಕುತ್ತಾ ಹೇಳಿದಾಗ ಹೊಟ್ಟೆ ಹಿಡಿದುಕೊಂಡು ನಕ್ಕರು. “ತೋ ಕ್ಯಾ ಹುವಾ! ಮೊಳೆತು ಬಂದದ್ದಕ್ಕೆ ಕೈ ಮುಗಿದೆ, ತಪ್ಪೇನು?” ಎಂದರು. ಅಂದಿನಿಂದ ಪ್ರತಿ ವರ್ಷ ನಮ್ಮ ಪಾರ್ಕಿಗೆ ಅವರ ನಮಸ್ಕಾರ ತಪ್ಪಲಿಲ್ಲ. ಗೊಲ್ಲರ ಕೋಲಿಗೆ ಬೆಂಕಿಕಡ್ಡಿ ಅಂಟಿಸಿ, ಜಿಂಕೆಯನ್ನು ಓಡಿಸಿ, ಅಲ್ಲಿ ಗಾಲ್ಫ್ ಶುರು ಮಾಡಿದವರೂ ಅವರೇ.

ಕಾಲ ಸರಿಯಿತು. ಎರಡೂ ಸಂಸಾರಗಳು ದ್ವಾರಕಾದಲ್ಲಿ ಒಂದೇ ಸೊಸೈಟಿಯಲ್ಲಿ ಫ್ಲ್ಯಾಟು ತೆಗೆದುಕೊಂಡವು. ನಿವೃತ್ತಿಯಾಯಿತು. ಭಾಟಿಯಾ ಅವರು ಹಿರಿಯರ ಪಂದ್ಯವೊಂದರಲ್ಲಿ ಕಪ್ಪು ಗೆದ್ದರು, ಅದು ಒಡೆಯಿತು, ಹುಡುಗ ಗೊಂಬೆಗಳ ಸಾಲಿಗೆ ಬಂದ. ಕ್ಯಾಸೆಟ್ ಹಾಕುವ ಪೆಟ್ಟಿಗೆ ಕೆಟ್ಟಿತು, ರಿಪೇರಿ ಮಾಡುವವರು ಸಿಗಲಿಲ್ಲ. ಎರಡು ವರ್ಷದ ಕೆಳಗೆ ಸುಮನ್ ಭಾಭಿ ತೀರಿಕೊಂಡರು. ಹೆಚ್ಚು ನರಳಲಿಲ್ಲ. ದೇವರ ಕೃಪೆ ಎಂದು ನಾನು ಎಣಿಸಿಕೊಳ್ಳುವುದರಲ್ಲಿ ಇದನ್ನೂ ಸೇರಿಸುತ್ತೇನೆ. ಆಮೇಲೆ ಭಾನುವಾರದ ಊಟಕ್ಕೆ ಭಾಟಿಯಾ ಅವರು ನಮ್ಮಲ್ಲಿಗೇ ಬರತೊಡಗಿದರು. ಊಟ, ಮೊಸರನ್ನ, ಆಮೇಲೆ ಟಿವಿಯಲ್ಲಿ ಗಾಲ್ಫ್.

ಹಿಂದಿನವರು ಹೆಚ್ಚೋ ಇಂದಿನವರು ಹೆಚ್ಚೋ ಎಂಬ ಮಾತು ಅಲ್ಲಿ ಬಾರದ ಭಾನುವಾರವೇ ಇರಲಿಲ್ಲ. ಕೇಳಿ ಕೇಳಿ ನನಗೂ ಒಂದಿಷ್ಟು ವಿದ್ಯೆ ಬಂದಿದೆ. ದೊಡ್ಡವರ ಕಾಲದಲ್ಲಿ ಕೋಲಿನ ತಲೆ ಮರದ್ದು, ಈಗ ಲೋಹದ್ದು. ಈಗಿನ ಚೆಂಡು ಮೊದಲಿಗಿಂತ ದೂರ ಹಾರುತ್ತದೆ. ಈಗಿನವರು ಊಟವನ್ನು ತೂಕ ಮಾಡಿ ತಿನ್ನುತ್ತಾರೆ, ಆಗಿನವರು ಸಿಕ್ಕಿದ್ದನ್ನು ತಿನ್ನುತ್ತಿದ್ದರು. ಆದರೆ ಈಗ ಪೈಪೋಟಿಗೆ ಇಡೀ ಪ್ರಪಂಚವೇ ಇದೆ. ಇದನ್ನು ಕೇಳಿದಾಗಲೆಲ್ಲ ನನಗೆ ನಮ್ಮತ್ತೆಯವರ ನೆನಪು. ಒರಳಲ್ಲಿ ರುಬ್ಬಿದ ಅವರ ದೋಸೆ ಹೆಚ್ಚೋ, ಮಿಕ್ಸಿಯಲ್ಲಿ ತಿರುವಿದ ನನ್ನ ದೋಸೆ ಹೆಚ್ಚೋ? ನಮ್ಮವರ ತೀರ್ಪು ಎಂದೋ ಆಗಿದೆ, ನನ್ನ ವಿರುದ್ಧವಾಗಿ. ಆದರೆ ನಮ್ಮತ್ತೆಗೆ ದೆಹಲಿಯ ಜನವರಿಯಲ್ಲಿ ಹಿಟ್ಟು ಹುಳಿ ಬರಿಸಬೇಕಾಗಿರಲಿಲ್ಲ. ಪಾತ್ರೆಗೆ ಸ್ವೆಟರು ಹೊದಿಸಿ, ಗೀಸರಿನ ಪಕ್ಕ ಇಟ್ಟು, ದೇವರಿಗೆ ಒಪ್ಪಿಸಿ ಮಲಗುವ ಕಷ್ಟ ಅವರಿಗೆ ಬಂದಿರಲಿಲ್ಲ. ಅದಕ್ಕೆ ಏನಾದರೂ ರಿಯಾಯಿತಿ ಬೇಡವೇ?

ರಿಯಾಯಿತಿ ಎಂದಾಗ ನೆನಪಾಯಿತು. ಈ ಆಟದಲ್ಲಿ ಹ್ಯಾಂಡಿಕ್ಯಾಪ್ ಎಂಬುದೊಂದಿದೆ. ಕಡಿಮೆ ಹೊಡೆತದವನೇ ಗೆಲ್ಲುವ ಆಟವಾದ್ದರಿಂದ, ಬಲವಿಲ್ಲದವನು ಬಲವಿದ್ದವನ ಜೊತೆ ಆಡುವಾಗ ಬಲವಿಲ್ಲದವನ ಹೊಡೆತಗಳಲ್ಲಿ ಇಷ್ಟನ್ನು ಲೆಕ್ಕದಿಂದ ಬಿಟ್ಟುಬಿಡುತ್ತಾರೆ. ಯಾರೂ ನಗುವುದಿಲ್ಲ, ಯಾರೂ ಭಿಕ್ಷೆ ಎನ್ನುವುದಿಲ್ಲ, ಅದು ನಿಯಮವೇ. ನಮ್ಮವರು ಇದನ್ನು ಮೊದಲ ಸಲ ವಿವರಿಸಿದಾಗ ನನಗೆ ಕಣ್ಣು ತುಂಬಿತು. ಇನ್ನೊಬ್ಬರ ಕಷ್ಟವನ್ನು ಕಳೆದು ಆಮೇಲೆ ಅಂಕ ಹಾಕುವ ಆಟ ಭೂಮಿಯ ಮೇಲೆ ಇದೆಯೆಂದು ನನಗೆ ಗೊತ್ತಿರಲಿಲ್ಲ. “ಹಾಗಾದರೆ ಕಾಲಕ್ಕೂ ಹ್ಯಾಂಡಿಕ್ಯಾಪ್ ಕೊಟ್ಟುಬಿಡಿ, ಜಗಳ ಮುಗಿಯುತ್ತೆ” ಎಂದೆ. “ಅದೆಲ್ಲ ಆಗಲ್ಲ ಕಣೇ, ನೀನು ಸುಮ್ನಿರು” ಎಂದರು. ನೋಯ್ಡಾದಲ್ಲಿರುವ ಮಗಳನ್ನು ಕೇಳಿದರೆ ಅವಳದು ಇನ್ನೊಂದು ದಾರಿ. “ಅಮ್ಮಾ, ದೋನೋಂ ಕೋ ವಿಡಿಯೋ ಗೇಮ್‌ನಲ್ಲಿ ಆಡಿಸಿಬಿಡಿ. ಪತಾ ಚಲ್ ಜಾಯೇಗಾ!” ಯಾರು ಹೆಚ್ಚೆಂದು ಆಗ ಗೊತ್ತಾಗಿಬಿಡುತ್ತದಂತೆ.

ಎಷ್ಟು ವಾದ ಮಾಡಿದರೂ ನಮ್ಮವರೂ ಭಾಟಿಯಾ ಅವರೂ ಒಂದೇ ಕಡೆ ನಿಂತು ವಾದ ಮಾಡುತ್ತಿದ್ದರು. ಇಬ್ಬರೂ ದೊಡ್ಡವರ ಕಡೆ. ಟಿವಿಯಲ್ಲಿ ಮಾತಾಡುವವರೇ ಅವರ ವಿರೋಧ ಪಕ್ಷ. ಅದೂ ಒಂದು ಸುಖವೇ.

ಈ ಬೇಸಿಗೆಯ ಒಂದು ಭಾನುವಾರ ಟಿವಿಯವರು ದೊಡ್ಡವರ ಹಳೆಯ ಆಟವನ್ನೂ ಹುಡುಗನ ಆಟವನ್ನೂ ಅಕ್ಕಪಕ್ಕ ತೋರಿಸಿದರು. ಹುಡುಗನ ಹೊಡೆತವನ್ನು ಮೇಲಿನಿಂದ, ಕೆಳಗಿನಿಂದ, ನಿಧಾನವಾಗಿ, ಇನ್ನೂ ನಿಧಾನವಾಗಿ ನೋಡಬಹುದಿತ್ತು. ಪಾಪ, ದೊಡ್ಡವರ ಮೇಲೆ ಅಲ್ಲೂ ಸ್ವಲ್ಪ ಹಿಮ ಬೀಳುತ್ತಿತ್ತು. ಹುಡುಗನನ್ನು ನಾವು ಕಣ್ಣಾರೆ ನೋಡಿದ್ದೇವೆ, ಹಿಮದ ಹಿಂದಿನ ದೊಡ್ಡವರನ್ನು ನಂಬಿದ್ದೇವೆ ಅಷ್ಟೆ. ನಾನು ನಂಬುವವರ ಗುಂಪಿಗೆ ಸೇರಿದವಳಾದ್ದರಿಂದ ನನಗೆ ಇದರಲ್ಲಿ ತೊಂದರೆಯೇನೂ ಕಾಣಲಿಲ್ಲ. ಆದರೆ ಭಾಟಿಯಾ ಅವರು ಮೊಸರನ್ನದ ಚಮಚ ಕೆಳಗಿಟ್ಟರು.

“ರಾವ್ ಸಾಹಬ್, ಸಚ್ ಬೋಲೂಂ? ಹುಡುಗನೇ ಮೇಲು.”

ಅವರ ಮಾತೆಲ್ಲ ಹಿಂದಿಯಲ್ಲಿ, ನಮ್ಮವರದೂ ಅವರೊಡನೆ ಹಿಂದಿಯೇ. ನಾನು ನಮ್ಮ ಮಾತಿಗೆ ಇಳಿಸಿಕೊಂಡು ಹೇಳುತ್ತಿದ್ದೇನೆ. ನಮ್ಮವರು ಟಿವಿಯ ಸದ್ದನ್ನು ಅಡಗಿಸಿದರು.

“ಏನಂದ್ರಿ?”

“ಹುಡುಗ ಮೇಲು ಅಂದೆ. ದೊಡ್ಡವರದ್ದು ಆಯ್ತು, ಮುಗೀತು.”

“ಇಷ್ಟು ವರ್ಷ ನನ್ನ ಪಕ್ಕ ಕೂತು ನೋಡಿದ್ದೆಲ್ಲ ಸುಳ್ಳಾ ಹಾಗಾದ್ರೆ? ಪಕ್ಷ ಬದಲಾಯಿಸೋಕೆ ಇದೇನು ಎಲೆಕ್ಷನ್ನಾ?”

“ನೋಡಿದ್ದು ಸುಳ್ಳಲ್ಲ. ಅದನ್ನೇ ಎಷ್ಟು ದಿನ ನೋಡೋದು? ನೀವು ಇನ್ನೂ ಲೋಧಿ ಕಾಲೋನಿಯಲ್ಲೇ ಇದ್ದೀರಿ, ರಾವ್ ಸಾಹಬ್.”

“ಹೌದು, ಇದ್ದೀನಿ. ನಿಮ್ಮನ್ನೇನು ಬಾಡಿಗೆ ಕೇಳಿದ್ನಾ?”

ನಾನು ನಗಬೇಕೆಂದುಕೊಂಡೆ, ಅವರಿಬ್ಬರ ಮುಖ ನೋಡಿ ನಗಲಿಲ್ಲ. ಭಾಟಿಯಾ ಅವರು ಎದ್ದು ಕೈ ತೊಳೆದು, “ಚಲೋ ಭಾಭೀಜೀ” ಎಂದು ನನಗೊಬ್ಬಳಿಗೆ ಹೇಳಿ ಹೊರಟುಹೋದರು. ಮೊಸರನ್ನ ಅರ್ಧ ಉಳಿದಿತ್ತು. ಅದರ ಮೇಲಿನ ದಾಳಿಂಬೆ ಕಾಳುಗಳನ್ನು ಅವರು ಕೊನೆಗೆಂದು ಪಕ್ಕಕ್ಕೆ ಸರಿಸಿಟ್ಟುಕೊಂಡಿದ್ದರು.

ಮುಂದಿನ ಭಾನುವಾರ ಬರಲಿಲ್ಲ, ಅದರ ಮುಂದಿನದೂ ಇಲ್ಲ. ನಮ್ಮವರು ಹಟಮಾರಿ. ಒಬ್ಬರೇ ಕುಳಿತು ಗಾಲ್ಫ್ ನೋಡುತ್ತಿದ್ದರು, ಸದ್ದಿಲ್ಲದೆ. ದೊಡ್ಡವರ ಬಗ್ಗೆ ಹೊಗಳಿಕೆಯ ಮಾತೊಂದು ಬಾಯಿಗೆ ಬಂದು, ಹೇಳಲು ಯಾರೂ ಇಲ್ಲದೆ ನನ್ನ ಕಡೆ ತಿರುಗುತ್ತಿದ್ದರು. ನಾನು ಹೂಂ ಎನ್ನುತ್ತಿದ್ದೆ. ನನ್ನ ಹೂಂನಲ್ಲಿ ಗಾಲ್ಫ್ ಇರಲಿಲ್ಲ.

ಊಟವನ್ನು ಡಬ್ಬಿಯಲ್ಲಿ ಹಾಕಿ ನಾನೇ ಪಕ್ಕದ ಟವರಿಗೆ ಕೊಟ್ಟು ಬರುತ್ತಿದ್ದೆ. ಡಬ್ಬಿಯನ್ನು ಖಾಲಿ ಹಿಂದಿರುಗಿಸಬಾರದೆಂಬುದು ಸುಮನ್ ಭಾಭಿಯ ಪದ್ಧತಿ. ಭಾಟಿಯಾ ಅವರು ಅದನ್ನು ಬಿಟ್ಟಿರಲಿಲ್ಲ. ಅಡುಗೆ ಬಾರದ ಗಂಡಸು ಏನು ಹಾಕಿಯಾರು? ಪ್ರತಿ ಸಲವೂ ಒಂದು ಹಿಡಿ ಇಲಾಯಚಿ ದಾನಾ. ದೇವಿಯ ಗುಡಿಗಳಲ್ಲಿ ಪ್ರಸಾದವೆಂದು ಕೊಡುತ್ತಾರಲ್ಲ, ಬಿಳಿ ಸಕ್ಕರೆಯ ಸಣ್ಣ ಸಣ್ಣ ಗುಂಡು, ಒಳಗೆ ಏಲಕ್ಕಿ, ಅದು. ನನ್ನ ಅಡುಗೆಮನೆಯಲ್ಲಿ ಒಂದು ಶೀಶೆ ತುಂಬಿತು. “ರಾವ್ ಸಾಹಬ್ ಕೈಸೇ ಹೈಂ?” ಹೇಗಿದ್ದಾರೆ ಎಂದು ಅವರು ಬಾಗಿಲಲ್ಲಿ ಕೇಳುತ್ತಿದ್ದರು. ಮನೆಗೆ ಬಂದರೆ ನಮ್ಮವರು ಪೇಪರಿನ ಹಿಂದಿನಿಂದ, “ಡಬ್ಬಿ ತೊಳೆದುಕೊಟ್ಟನೇನು?” ಎನ್ನುತ್ತಿದ್ದರು. ಇಬ್ಬರೂ ಕೇಳುತ್ತಿದ್ದದ್ದು ಒಂದನ್ನೇ ಎಂದು ನನಗೆ ತಿಳಿಯುತ್ತಿತ್ತು. ಅವರಿಗೆ ತಿಳಿಯಬೇಕಲ್ಲ.

ನವರಾತ್ರಿಯ ಹಿಂದಿನ ದಿನ, ಅಷ್ಟಮಿಯ ಸಂಜೆ ಗೊಂಬೆ ನೋಡಲು ಬನ್ನಿ ಎಂದು ಕರೆಯಲು ಹೋದೆ. “ದೇಖ್ತಾ ಹೂಂ” ಎಂದರು. ನೋಡುತ್ತೇನೆ ಎಂದರೆ ಬರುವುದಿಲ್ಲ ಎಂದೇ ಅರ್ಥ. ಅವರ ದೇವರ ಮೂಲೆಯಲ್ಲಿ ಭಾಭಿ ಖೇತ್ರಿ ಬಿತ್ತುತ್ತಿದ್ದ ಮಣ್ಣಿನ ಪಾತ್ರೆ ಬೋರಲಾಗಿತ್ತು. ನಾನು ನೋಡಿದ್ದನ್ನು ಅವರು ನೋಡಿದರು. “ಅಬ್ ಕೌನ್ ಬೋಯೇ, ಭಾಭೀಜೀ” ಎಂದರು. ಇನ್ನು ಯಾರು ಬಿತ್ತುತ್ತಾರೆ?

ಮನೆಗೆ ಬರುವ ದಾರಿಯಲ್ಲಿ ಮಾರ್ಕೆಟ್ಟಿಗೆ ಹೋದೆ. ಈ ವರ್ಷ ರಾಗಿ ಚೆಲ್ಲಲಿಲ್ಲ. ಜವೆಗೋಧಿ ತಂದು, ನೆನೆಸಿ, ಪಾಡ್ಯದ ಬೆಳಿಗ್ಗೆ ಭಾಭಿ ಮಾಡುತ್ತಿದ್ದ ಹಾಗೆ ತಲೆಯ ಮೇಲೆ ಸೆರಗು ಹೊದ್ದು ಬಿತ್ತಿದೆ. ಪೈರು ರಾಗಿಗಿಂತ ಅಗಲದ ಎಲೆ ಬಿಟ್ಟು, ಬೆರಳುದ್ದ ನೆಟ್ಟಗೆ ಎದ್ದಿತು. ದೆಹಲಿಯ ಅಕ್ಟೋಬರ್ ಆಕಾಶ ಮಸುಕಾಗತೊಡಗಿದ್ದರೂ ನಮ್ಮ ಮನೆಯ ಮೂಲೆಯಲ್ಲಿ ಹಸಿರೋ ಹಸಿರು.

ಪೈರು ಎದ್ದ ಮೇಲೆ ನಮ್ಮವರು ಎರಡು ದಿನ ಸುಮ್ಮನೆ ನೋಡಿ, ಮೂರನೆಯ ದಿನ ಮೀಸೆಯ ಕತ್ತರಿ ಹಿಡಿದು ಬಂದರು. “ಕುಳಿಯ ಸುತ್ತ ಹುಲ್ಲು ಇಷ್ಟು ಎತ್ತರ ಇರೋ ಹಾಗಿಲ್ಲ ಕಣೇ. ಚೆಂಡು ಹ್ಯಾಗೆ ಉರುಳುತ್ತೆ?”

“ದೇವಿಯ ಪೈರಿಗೆ ಕತ್ತರಿ ಹಾಕ್ತೀರಾ? ಹಿಂದೆ ಸರೀರಿ!” ಎಂದೆ.

ಅವರು ಹಿಂದೆ ಸರಿದರು. ಆದರೆ ಸಂಜೆಯೊಳಗೆ ನನ್ನ ಹಳೆಯ ಮಖಮಲ್ ರವಿಕೆಯ ತೋಳು ಕತ್ತರಿಸಿ, ಪೈರಿನ ಮುಂದೆ ಒಂದು ಹಸಿರು ಅಂಗಳ ಹಾಸಿ, ಬಾಟಲಿಯ ಮುಚ್ಚಳ ಹುಗಿದು ಕುಳಿ ಮಾಡಿ, ಹಲ್ಲುಕಡ್ಡಿಗೆ ಕೆಂಪು ಕಾಗದ ಅಂಟಿಸಿ ಬಾವುಟ ನೆಟ್ಟಿದ್ದರು. ಯಾರಿಗಾಗಿ ಎಂದು ನಾನು ಕೇಳಲಿಲ್ಲ. ದೊಡ್ಡವರನ್ನು ಮಾತ್ರ ಎತ್ತಿ ಒಂದು ಮೆಟ್ಟಿಲು ಮೇಲೆ ನಿಲ್ಲಿಸಿದ್ದರು. ನಾನು ಇಳಿಸಿ ಹುಡುಗನ ಪಕ್ಕ ನೆಲಕ್ಕೇ ನಿಲ್ಲಿಸಿದೆ. ಮೇಲೆ ದಶಾವತಾರದ ಸೆಟ್ ಇದೆ. ಮತ್ಸ್ಯನಿಂದ ಹಿಡಿದು ಕಲ್ಕಿಯವರೆಗೆ ಎಲ್ಲರೂ ಒಂದೇ ಎತ್ತರ. ಮಾಡಿದ ಕುಶಲಕರ್ಮಿಗೆ ಯಾವ ಯುಗದವನು ಹೆಚ್ಚು ಎಂಬ ಸಂದೇಹ ಬಂದಿರಲಿಲ್ಲ. ಆಯಾ ಕಾಲಕ್ಕೆ ಬೇಕಾದಾಗ ಬಂದವರು, ಅಷ್ಟೇ. ದೇವರಿಗೇ ಅಷ್ಟು ಸಾಕಾದರೆ ಗಾಲ್ಫಿನವರಿಗೆ ಸಾಲದೇ?

ಆಮೇಲೆ ನನಗೆ ಇನ್ನೊಂದು ಬುದ್ಧಿ ಬಂತು. ನಮ್ಮ ಗೊಂಬೆಗಳಲ್ಲಿ ಒಂದು ಬ್ಯಾಂಡ್ ಸೆಟ್ ಇದೆ. ಅದರಲ್ಲಿ ತುತ್ತೂರಿ ಊದುವವನ ತುತ್ತೂರಿ ಮುರಿದು ಎಷ್ಟೋ ಕಾಲವಾಗಿ, ಅವನನ್ನು ಹಿಂದಿನ ಸಾಲಿಗೆ ತಳ್ಳಿದ್ದೆ. ತುತ್ತೂರಿ ಹೋದ ಮೇಲೆ ಅವನ ಎತ್ತಿದ ಕೈ ಟೋಪಿಯ ಹತ್ತಿರ ಬಂದು ನಿಂತಿದೆ, ಟೋಪಿ ತೆಗೆಯಲು ಹೊರಟವನ ಹಾಗೆ. ಅವನನ್ನು ಒರೆಸಿ ತಂದು ಕುಳಿಯ ಪಕ್ಕ ನಿಲ್ಲಿಸಿದೆ. ಶೀಶೆಯಿಂದ ಒಂದು ಇಲಾಯಚಿ ದಾನಾ ತೆಗೆದು ಮುಚ್ಚಳದ ಅಂಚಿನಲ್ಲಿಟ್ಟೆ. ಕ್ಯಾಸೆಟ್ಟಿನಲ್ಲಿ ಆ ಬಿಳಿ ಟೋಪಿಯವನ ಚೆಂಡು ನಿಂತಿದ್ದದ್ದು ಅಲ್ಲಿಯೇ. ಒಂದು ಗಳಿಗೆ ನೋಡಿದೆ. ಬೆರಳಿನಿಂದ ಮೆಲ್ಲಗೆ ತಳ್ಳಿದೆ. ಬಿತ್ತು.

ಅಷ್ಟಮಿಯ ಸಂಜೆ ಆರತಿಯ ಹೊತ್ತಿಗೆ ಕರೆಗಂಟೆಯ ಸದ್ದಾಯಿತು. ಭಾಟಿಯಾ ಅವರು, ಕೈಯಲ್ಲಿ ನನ್ನ ಡಬ್ಬಿ. “ಡಬ್ಬಿ ಕೊಡೋಕೆ ಬಂದೆ” ಎಂದರು. ನಮ್ಮವರು ಒಳಗಿನ ಕೋಣೆಯಲ್ಲಿ ಪೇಪರು ಓದುತ್ತಿದ್ದರು. ಬೆಳಿಗ್ಗೆಯೇ ಓದಿ ಮುಗಿಸಿದ್ದ ಪೇಪರು.

ಭಾಟಿಯಾ ಅವರು ಗೊಂಬೆಗಳ ಮುಂದೆ ಬಂದು, ಕೆಳಗೆ ನೋಡಿ ನಿಂತುಬಿಟ್ಟರು.

“ಯೇ ತೋ ಜೌ ಹೈ.”

“ಹೂಂ. ಜವೆಗೋಧಿಯೇ” ಎಂದೆ.

ಜೇಬಿನಿಂದ ಕರವಸ್ತ್ರ ತೆಗೆದು ತಲೆಗೆ ಹೊದ್ದುಕೊಂಡು, ಮಂಡಿ ನೋವಿನಲ್ಲೇ ನೆಲಕ್ಕೆ ಕುಳಿತು, ಹಣೆ ಹಚ್ಚಿದರು. ಏಳುವಾಗ ತುತ್ತೂರಿಯವನು ಕಣ್ಣಿಗೆ ಬಿದ್ದ. ಅವನ ಕೈ ನೋಡಿದರು, ಟೋಪಿ ನೋಡಿದರು, ಮುಚ್ಚಳದೊಳಗೆ ಬಗ್ಗಿ ನೋಡಿದರು.

“ಅರೇ! ಚಲಾ ಗಯಾ?”

“ಈ ಸಲ ಹೋಯ್ತು, ಭಾಯಿಸಾಹೇಬ್” ಎಂದೆ.

ಅವರು ಎಷ್ಟು ಜೋರಾಗಿ ನಕ್ಕರೆಂದರೆ ಒಳಗೆ ಪೇಪರಿನ ಸದ್ದು ನಿಂತಿತು. ನಗುತ್ತಲೇ ಕರವಸ್ತ್ರ ತಲೆಯಿಂದ ಕಣ್ಣಿಗೆ ಇಳಿಯಿತು. ನೆಲದ ಮೇಲೆ ಕುಳಿತೇ ಹೇಳಿದರು: “ದೊಡ್ಡವರ ಆಟ ಬಂತು ಅಂದ್ರೆ ನನಗೆ ಅಡುಗೆಮನೆಯಿಂದ ಅವಳ ಬೇಲನ್ ಸದ್ದು ಕೇಳುತ್ತೆ ಭಾಭೀಜೀ. ಈ ಸಲ ಬೀಳುತ್ತೆ ಅನ್ನೋದು ಕೇಳುತ್ತೆ. ಹುಡುಗನ ಆಟವನ್ನ ಅವಳು ಸರ್ಯಾಗಿ ನೋಡಲೇ ಇಲ್ಲ. ಅದರಲ್ಲಿ ಏನೂ ಕೇಳಲ್ಲ, ಆರಾಮಾಗಿ ನೋಡಬಹುದು. ಅದಕ್ಕೇ ಅಂದೆ, ಅವನೇ ಮೇಲು ಅಂತ. ರಾವ್ ಸಾಹಬ್ ನನ್ನ ಮೇಲೆ ಎಲೆಕ್ಷನ್ ಮಾಡಿಬಿಟ್ಟರು.”

ಅಷ್ಟು ಹೊತ್ತಿಗೆ ನಮ್ಮವರು ಬಾಗಿಲಲ್ಲಿ ನಿಂತಿದ್ದರು. ಪೇಪರನ್ನು ಮಡಿಸಿದರು, ಮತ್ತೆ ಬಿಚ್ಚಿದರು, ಮತ್ತೆ ಮಡಿಸಿದರು. ಇಂಥ ಹೊತ್ತಿನಲ್ಲಿ ಏನು ಹೇಳಬೇಕೆಂದು ಆ ಮನುಷ್ಯನಿಗೆ ಎಂದೂ ತಿಳಿದದ್ದಿಲ್ಲ. ಮದುವೆಯಾದಾಗಿನಿಂದ ನೋಡುತ್ತಿದ್ದೇನೆ. ಕೊನೆಗೆ ಹೇಳಿದರು:

“ಭಾಟಿಯಾ, ನಿಮಗೆ ಹ್ಯಾಂಡಿಕ್ಯಾಪ್ ಕೊಟ್ಟಿದ್ದೀನಿ. ಈ ವರ್ಷ ಹುಡುಗನೇ ಮೇಲು ಅಂತ ಇಟ್ಕೊಳ್ಳಿ.”

“ನಿಮ್ಮ ಹ್ಯಾಂಡಿಕ್ಯಾಪ್ ಯಾರಿಗೆ ಬೇಕು? ಛತ್ರಿ ಹಿಡಿ ಹಾರಿಸಿದವರು ನೀವು! ಹುಡುಗ ಮೇಲು ಅಂದ್ರೆ ಮೇಲು!”

“ನಿಮ್ಮ ತಲೆ! ಅವನ ಕೈಗೆ ಮರದ ಕೋಲು ಕೊಟ್ಟು ನೋಡಿ!”

ಅಂತೂ ಇಬ್ಬರೂ ಬೇರೆ ಬೇರೆ ಪಕ್ಷವಾದರು. ನಾನು ಮೊಸರನ್ನ ಕಲಸಲು ಒಳಗೆ ಹೋದೆ. ದಾಳಿಂಬೆ ಕಾಳು ಸ್ವಲ್ಪ ಹೆಚ್ಚಾಗಿಯೇ ಹಾಕಿದೆ.

ವಿಜಯದಶಮಿಯ ಮರುದಿನ ಗೊಂಬೆಗಳನ್ನು ಎತ್ತಿಡಲು ಕುಳಿತಾಗ ಮುಚ್ಚಳ ನೋಡಿದರೆ ಚೆಂಡಿಲ್ಲ. ಇರುವೆಗಳು ಸಾಲಾಗಿ ಬಂದು ಹೊತ್ತುಕೊಂಡು ಹೋಗಿದ್ದವು. ಬಾವುಟದ ಬುಡದಲ್ಲಿ ಒಂದಿಷ್ಟು ಸಕ್ಕರೆಯ ಪುಡಿ, ಅಷ್ಟೇ. ನನಗೆ ಪೆಚ್ಚಾಯಿತು. ಇಷ್ಟು ವರ್ಷದ ಮೇಲೆ ಒಂದು ಸಲ ಬಿದ್ದದ್ದು, ಅದೂ ಹೋಯಿತಲ್ಲ ಎನಿಸಿತು. ಭಾಟಿಯಾ ಅವರು ಸೋಫಾದ ಮೇಲೆ ಚಹಾ ಕುಡಿಯುತ್ತಿದ್ದರು. ನಮ್ಮವರು ಹುಡುಗನನ್ನೂ ದೊಡ್ಡವರನ್ನೂ ನನ್ನ ಹಳೆಯ ಸೀರೆಯ ಒಂದೇ ತುಂಡಿನಲ್ಲಿ, ಮಣ್ಣಿಗೆ ಪೆಟ್ಟಾಗದ ಹಾಗೆ ಸುತ್ತುತ್ತಿದ್ದರು.

“ಇರುವೆ ಚೆಂಡನ್ನು ತಗೊಂಡು ಹೋದರೆ ನಿಮ್ಮ ಆಟದಲ್ಲಿ ಏನು ನಿಯಮ?” ಎಂದು ಕೇಳಿದೆ.

ಇಬ್ಬರೂ ಒಟ್ಟಿಗೇ ತಲೆಯೆತ್ತಿದರು. ಹೊರಗಿನ ಪ್ರಾಣಿ, ನಿಂತ ಚೆಂಡು, ಮೊದಲಿನ ಜಾಗ ಎಂದು ಏನೇನೋ ಹೇಳಿ, ಒಬ್ಬರ ಮಾತನ್ನು ಒಬ್ಬರು ಕಡಿದು, ಹೊಸ ಜಗಳವೊಂದು ಹತ್ತಿಕೊಳ್ಳುವ ಹಾಗಿತ್ತು. ಆಮೇಲೆ ಭಾಟಿಯಾ ಅವರು ಚಹಾದ ಲೋಟ ಕೆಳಗಿಟ್ಟು ಕೇಳಿದರು:

“ಕುಳಿಗೆ ಬಿದ್ದಾದ ಮೇಲೆ ತಾನೇ ತಗೊಂಡು ಹೋದದ್ದು?”

“ಹೌದು.”

“ಹಾಗಾದರೆ ಇರುವೆಯಾದರೂ ತಗೊಂಡು ಹೋಗಲಿ, ಆನೆಯಾದರೂ ತಗೊಂಡು ಹೋಗಲಿ. ಬಿದ್ದದ್ದು ಬಿದ್ದದ್ದೇ, ಭಾಭೀಜೀ. ಅದನ್ನು ಲೆಕ್ಕದಿಂದ ಯಾರೂ ತೆಗೆಯೋ ಹಾಗಿಲ್ಲ. ಕ್ಯೋಂ ರಾವ್ ಸಾಹಬ್?”

“ಅದು ಸರಿ” ಎಂದರು ನಮ್ಮವರು.

ಈ ವರ್ಷ ಅವರಿಬ್ಬರೂ ಒಪ್ಪಿಕೊಂಡ ಮಾತು ಅದೊಂದೇ. ನಾನು ತುತ್ತೂರಿಯವನನ್ನು ಹತ್ತಿಯಲ್ಲಿ ಸುತ್ತಿ, ಈ ಸಲ ಬ್ಯಾಂಡ್ ಸೆಟ್ಟಿನ ಜೊತೆ ಇಡದೆ, ಆ ಇಬ್ಬರ ನಡುವೆ ಮಲಗಿಸಿ ಪೆಟ್ಟಿಗೆ ಮುಚ್ಚಿದೆ.